ಹಡಗು ಹತ್ತುವ ಮೊದಲು ವಿಮಾನದ ತಕ್ಕಡಿ ದಾಟಬೇಕು

ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್ ಪಕ್ಕ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡು ಕೂತವರನ್ನು ನೀವು ನೋಡಿರುತ್ತೀರಿ. ಮೊದಲ ಸಲ ಕ್ರೂಸ್‌ಗೆ ಹೊರಟಾಗ ಹಾಗೆ ಕೂತವರು ನಾವೇ. ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನ. ಅಲ್ಲಿಂದ ಪೆನಾಂಗ್, ಫುಕೆಟ್ ನೋಡಿಕೊಂಡು ಮತ್ತೆ ಸಿಂಗಪುರಕ್ಕೇ ಬರುವ ನಾಲ್ಕು ರಾತ್ರಿಯ ಹಡಗು. ‘ಹಡಗು ಅಂದ್ರೆ ಒಂದು ಊರೇ ಅಲ್ವಾ, ಎಷ್ಟು ತುಂಬಿಕೊಂಡ್ರೂ ಹಿಡಿಯುತ್ತೆ’ ಎಂದಿದ್ದರು ನಮ್ಮತ್ತೆ. ಮಾತೇನೋ ಸುಳ್ಳಲ್ಲ. ಆದರೆ ಆ ಊರು ತಲುಪಲು ನಾಲ್ಕೂವರೆ ಗಂಟೆ ವಿಮಾನದಲ್ಲಿ ಕೂರಬೇಕು. ಟಿಕೆಟ್ಟಿನಲ್ಲಿ ಇದ್ದದ್ದು 20 ಕೆ.ಜಿ., ತಕ್ಕಡಿ ತೋರಿಸಿದ್ದು 26.

ಕೊನೆಗೆ ದುಡ್ಡು ಕಟ್ಟಿದೆವು. ಬೇಜಾರಿನ ಸಂಗತಿ ಅದಲ್ಲ. ಹೆಚ್ಚಾದ ಆರು ಕೆ.ಜಿ.ಯಲ್ಲಿ ಒಂದು ಸಾಮಾನೂ ಹಡಗಿನಲ್ಲಿ ಬಳಕೆಗೆ ಬರಲಿಲ್ಲ. ದೊಡ್ಡ ಟವೆಲ್‌ಗಳು ಮಡಚಿದ ಹಾಗೇ ವಾಪಸ್ ಬಂದವು. ಇಸ್ತ್ರಿ ಪೆಟ್ಟಿಗೆಯನ್ನು ಹಡಗಿನವರು ತೆಗೆದಿಟ್ಟುಕೊಂಡು, ಇಳಿಯುವ ದಿನ ಕೈಗೆ ಕೊಟ್ಟರು. ಎರಡನೇ ಸಲ ಹೋದಾಗ ಲೆಕ್ಕ ಬೇರೆಯೇ ಮಾಡಿದೆವು. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

1. ಬಟ್ಟೆ ತೆಗೆಯುವ ಮೊದಲು ಟಿಕೆಟ್ ಓದಿ

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಚೆಕ್-ಇನ್‌ಗೆ 15 ಕೆ.ಜಿ., ಕೈಯಲ್ಲಿ ಒಯ್ಯುವ ಕ್ಯಾಬಿನ್ ಬ್ಯಾಗಿಗೆ 7 ಕೆ.ಜಿ. ಇರುತ್ತದೆ. ಹೊರದೇಶದ ವಿಮಾನಗಳಲ್ಲಿ ಇದು ಟಿಕೆಟ್ಟಿನ ದರದ ಮೇಲೆ ಹೋಗುತ್ತದೆ. 20 ಇರಬಹುದು, 30 ಇರಬಹುದು. ತೀರಾ ಅಗ್ಗದ ಟಿಕೆಟ್ ಆದರೆ ಚೆಕ್-ಇನ್ ಲಗೇಜೇ ಸೇರಿರುವುದಿಲ್ಲ. ಮಂಗಳೂರು, ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬೇರೆ ಟಿಕೆಟ್ ತೆಗೆದುಕೊಂಡು ಬರುವವರು ಒಂದು ಮಾತು ನೆನಪಿಡಬೇಕು. ಎರಡರಲ್ಲಿ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ. ಮುಂದಿನ ವಿಮಾನ 30 ಕೊಟ್ಟರೂ ಮೊದಲನೆಯದು 15ಕ್ಕೇ ನಿಲ್ಲಿಸುತ್ತದೆ. ಜಾಸ್ತಿ ತೂಕ ಬೇಕೇ ಬೇಕು ಅಂದರೆ ಮೊದಲೇ ಆನ್‌ಲೈನಿನಲ್ಲಿ ಕೊಂಡುಬಿಡಿ. ಕೌಂಟರಿನಲ್ಲಿ ಅದಕ್ಕಿಂತ ದುಬಾರಿ.

2. ಖಾಲಿ ಪೆಟ್ಟಿಗೆಯನ್ನು ತೂಗಿ

ಇದನ್ನು ಯಾರೂ ಮಾಡುವುದಿಲ್ಲ. ನಮ್ಮ ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಸೂಟ್‌ಕೇಸ್ ಖಾಲಿ ಇದ್ದಾಗಲೇ 4.3 ಕೆ.ಜಿ. ಅಂದರೆ 20ರಲ್ಲಿ ಐದನೇ ಒಂದು ಪಾಲು ಅದೇ ತಿಂದಿತು. ಬಟ್ಟೆಯ ಮಧ್ಯಮ ಗಾತ್ರದ ಪೆಟ್ಟಿಗೆ 2.5 ಇತ್ತು. ಹಡಗಿನ ರೂಮೂ ಚಿಕ್ಕದೇ. ಅಷ್ಟೆತ್ತರದ ಪೆಟ್ಟಿಗೆ ಇಟ್ಟರೆ ಓಡಾಡಲು ಜಾಗ ಇರುವುದಿಲ್ಲ. ಚಿಕ್ಕದಾದರೆ ಮಂಚದ ಕೆಳಗೆ ತಳ್ಳಬಹುದು. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಇಲ್ಲದಿದ್ದರೆ ಚಿಂತೆಯಿಲ್ಲ. ಮೈತೂಕ ನೋಡುವ ಮೆಷಿನ್ ಮೇಲೆ ಪೆಟ್ಟಿಗೆ ಹಿಡಿದು ನಿಲ್ಲಿ, ಆಮೇಲೆ ನಿಮ್ಮ ತೂಕ ಕಳೆಯಿರಿ. ಎರಡನೆಯ ಲೆಕ್ಕ ಮನೆಯವರಿಗೆ ಹೇಳಬೇಕಿಲ್ಲ.

3. ಹಡಗಿನಲ್ಲಿ ಇರುವುದನ್ನು ಪಟ್ಟಿಯಿಂದ ಹೊಡೆಯಿರಿ

ಸ್ನಾನದ ಟವೆಲ್ ಇರುತ್ತದೆ. ಈಜುಕೊಳದ ಹತ್ತಿರ ಬೇರೆ ಟವೆಲ್ ಕೊಡುತ್ತಾರೆ. ಸೋಪು ಇರುತ್ತದೆ, ಹೇರ್ ಡ್ರೈಯರ್ ಇರುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಊಟ ತಿಂಡಿ ನಡೆಯುತ್ತಲೇ ಇರುತ್ತದೆ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತದ ಜನ ಜಾಸ್ತಿ. ಹಾಗಾಗಿ ಅನ್ನ, ದಾಲ್, ರೋಟಿಗೆ ತೊಂದರೆ ಇಲ್ಲ. ಸಸ್ಯಾಹಾರವನ್ನು ಬುಕ್ ಮಾಡುವಾಗಲೇ ಬರೆಸಿಬಿಡಿ. ಮನೆಯಲ್ಲಿ ಮಾಡಿದ ತಿಂಡಿಯನ್ನು ಸಾಮಾನ್ಯವಾಗಿ ಹಡಗಿನೊಳಗೆ ಬಿಡುವುದಿಲ್ಲ. ಸೀಲ್ ಮಾಡಿದ ಅಂಗಡಿ ಪ್ಯಾಕೆಟ್ ಆದರೆ ನಡೆಯುತ್ತದೆ. ಚಟ್ನಿಪುಡಿ ಇಲ್ಲದೆ ಅನ್ನ ಇಳಿಯದವರು 200 ಗ್ರಾಂ ಪ್ಯಾಕೆಟ್ ಒಂದು ಇಟ್ಟುಕೊಳ್ಳಿ. ಅದಕ್ಕೆ ನನ್ನದೇನೂ ತಕರಾರಿಲ್ಲ, ನಾನೂ ಇಟ್ಟುಕೊಳ್ಳುತ್ತೇನೆ.

4. ಬಟ್ಟೆ: ಕಣ್ಣಳತೆ ಬೇಡ, ತೂಗಿ ನೋಡಿ

ಅಡುಗೆಮನೆಯ ತಕ್ಕಡಿ ತಂದು ಹಾಸಿಗೆ ಮೇಲೆ ಇಟ್ಟೆ. ಒಂದು ಜೀನ್ಸ್ 650 ಗ್ರಾಂ. ಕಾಟನ್ ಕುರ್ತಾ 200. ಜರಿ ತುಂಬಿದ ಕಾಂಜೀವರಂ ಸೀರೆ 900, ಮೈಸೂರು ಸಿಲ್ಕ್ ಅದರ ಅರ್ಧ. ತೂಕ ಎಲ್ಲಿ ಹೋಗುತ್ತಿದೆ ಅನ್ನುವುದು ಹತ್ತೇ ನಿಮಿಷದಲ್ಲಿ ಗೊತ್ತಾಯಿತು.

ಹಡಗಿನಲ್ಲಿ ಒಂದು ರಾತ್ರಿ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಊಟಕ್ಕೆ ಬರುವ ರೂಢಿ ಇದೆ. ಅದಕ್ಕೆ ಹೊಸ ಗೌನು, ಕೋಟು ಏನೂ ಕೊಳ್ಳಬೇಕಿಲ್ಲ. ಒಂದು ಮೈಸೂರು ಸಿಲ್ಕ್ ಸೀರೆ ಸಾಕು. ಗಂಡಸರಿಗೆ ಒಂದು ಕಪ್ಪು ಪ್ಯಾಂಟು, ಇಸ್ತ್ರಿ ಮಾಡಿದ ಶರ್ಟು. ರಾತ್ರಿ ದೊಡ್ಡ ಡೈನಿಂಗ್ ಹಾಲಿಗೆ ಬನಿಯನ್, ಚಡ್ಡಿಯಲ್ಲಿ ಹೋಗುವ ಹಾಗಿಲ್ಲ, ಅಷ್ಟೇ.

ಉಳಿದ ದಿನಗಳಿಗೆ ಎರಡು ಪ್ಯಾಂಟು, ಎರಡಕ್ಕೂ ಹೊಂದುವ ನಾಲ್ಕು ಮೇಲಂಗಿ ಸಾಕು. ಪೆನಾಂಗ್, ಫುಕೆಟ್ ಎರಡೂ ಕಡೆ ಮಂಗಳೂರಿನ ಹಾಗೆ ಬೆವರು ಸುರಿಯುತ್ತದೆ, ತೆಳು ಬಟ್ಟೆಯೇ ವಾಸಿ. ದೇವಸ್ಥಾನ ನೋಡುವುದಿದ್ದರೆ ಮೊಣಕಾಲು, ಭುಜ ಮುಚ್ಚುವ ಬಟ್ಟೆ ಬೇಕು. ಹಡಗಿನೊಳಗೆ ಎ.ಸಿ. ಜೋರು. ಒಂದು ಶಾಲು ಇಡಿ. ದೇವಸ್ಥಾನಕ್ಕೆ ಹೊದೆಯಲು, ವಿಮಾನದಲ್ಲಿ ಹೊದಿಕೆಗೆ, ಥಿಯೇಟರಿನಲ್ಲಿ ಚಳಿಗೆ ಎಲ್ಲಕ್ಕೂ ಅದೇ ಆಗುತ್ತದೆ. ಈಜುಡುಗೆ ಮಾತ್ರ ಮರೆಯಬೇಡಿ. ಕಾಟನ್ ಬಟ್ಟೆ ಹಾಕಿಕೊಂಡು ಕೊಳಕ್ಕೆ ಇಳಿಯಲು ಬಿಡುವುದಿಲ್ಲ.

ಭಾರದ ಶೂ, ಜೀನ್ಸ್ ವಿಮಾನದಲ್ಲಿ ಮೈಮೇಲೆ ಇರಲಿ, ಪೆಟ್ಟಿಗೆಯಲ್ಲಿ ಹಗುರ ಚಪ್ಪಲಿ ಒಂದೇ ಜೊತೆ.

ಒಳಬಟ್ಟೆ ದಿನಕ್ಕೊಂದರಂತೆ ಒಯ್ಯಬೇಡಿ. ಮೂರು ಸೆಟ್ ಸಾಕು. ರಾತ್ರಿ ಬೇಸಿನ್ನಿನಲ್ಲಿ ಒಗೆದು, ಒಣ ಟವೆಲಿನಲ್ಲಿ ಸುತ್ತಿ ಗಟ್ಟಿಯಾಗಿ ಹಿಂಡಿ. ನೀರೆಲ್ಲ ಟವೆಲ್ ಎಳೆದುಕೊಳ್ಳುತ್ತದೆ. ಹಡಗಿನ ಬಚ್ಚಲಲ್ಲಿ ಎಳೆದು ಕಟ್ಟುವ ದಾರ ಇರುವುದುಂಟು. ಇನ್ನೊಂದು ಗುಟ್ಟು: ರೂಮಿನ ಗೋಡೆ ಹೆಚ್ಚಾಗಿ ಉಕ್ಕಿನದು. ಮ್ಯಾಗ್ನೆಟ್ ಕೊಕ್ಕೆ ನಾಲ್ಕು ಇದ್ದರೆ ಟೋಪಿ, ಬ್ಯಾಗು, ಒದ್ದೆ ಬಟ್ಟೆ ಎಲ್ಲ ಗೋಡೆಗೇ ತೂಗುಹಾಕಬಹುದು. ಬಾಲ್ಕನಿಯಲ್ಲಿ ಮಾತ್ರ ಒಣಹಾಕಬೇಡಿ. ಸಮುದ್ರದ ಗಾಳಿ, ಹೋದದ್ದು ಮತ್ತೆ ಸಿಗುವುದಿಲ್ಲ.

5. ಮೂರು ಗೇಟು, ಮೂರು ಕಾನೂನು

ಜನ ಎಡವುವುದು ಇಲ್ಲಿ. ವಿಮಾನ ಒಂದನ್ನು ಬೇಡ ಅನ್ನುತ್ತದೆ, ಹಡಗು ಇನ್ನೊಂದನ್ನು, ಸಿಂಗಪುರ ಮತ್ತೊಂದನ್ನು.

ವಿಮಾನದ್ದು ಮೊದಲು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡುವ ಹಾಗಿಲ್ಲ. ಮಿತಿ 100 ವ್ಯಾಟ್-ಅವರ್. ನಾವು ಸಾಮಾನ್ಯವಾಗಿ ಬಳಸುವ 20,000 ಎಂಎಎಚ್‌ನದು ಸುಮಾರು 74 ಬರುತ್ತದೆ, ಭಯವಿಲ್ಲ. ವಿಮಾನದೊಳಗೆ ಅದನ್ನು ಬಳಸುವುದಕ್ಕೆ ಈಗ ಹಲವು ಕಡೆ ಬಿಡುವುದಿಲ್ಲ. ಸಿಂಗಪುರ ಏರ್‌ಲೈನ್ಸ್ 2025ರ ಏಪ್ರಿಲ್ 1ರಿಂದಲೇ ನಿಲ್ಲಿಸಿದೆ. ಕೈಚೀಲದಲ್ಲಿ ಎಣ್ಣೆ, ಶಾಂಪೂ, ಕ್ರೀಮು ಇಡುವುದಾದರೆ 100 ಎಂ.ಎಲ್. ಮೀರದ ಬಾಟಲಿ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ. ಬೆಂಕಿಪೊಟ್ಟಣ, ಲೈಟರ್ ಬೇಡ. ನಮ್ಮವರಿಗೆ ಆಶ್ಚರ್ಯ ಆಗುವುದು ಒಣ ಕೊಬ್ಬರಿ ವಿಷಯದಲ್ಲಿ. ಚೆಕ್-ಇನ್ ಪೆಟ್ಟಿಗೆಯಲ್ಲಿ ಕೊಬ್ಬರಿ ಗಿಟುಕು ಹಾಕುವಂತಿಲ್ಲ. ಅದರಲ್ಲಿರುವ ಎಣ್ಣೆಯಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ.

ಹಡಗಿನವರಿಗೆ ಬೆಂಕಿ ಅಂದರೆ ಆಗದು. ನಡುನೀರಿನಲ್ಲಿ ಅಗ್ನಿಶಾಮಕ ವಾಹನ ಬರುವುದಿಲ್ಲವಲ್ಲ. ಆದ್ದರಿಂದ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಎಲೆಕ್ಟ್ರಿಕ್ ಕೆಟಲ್, ಮೇಣದಬತ್ತಿ, ಊದುಬತ್ತಿ ಯಾವುದೂ ಬೇಡ. ಪೂಜೆ ತಪ್ಪಿಸದವರು ಕೈಮುಗಿದು ಸುಮ್ನೆ ಕೂರಬೇಕು. ಎಕ್ಸ್‌ಟೆನ್ಷನ್ ಬಾಕ್ಸನ್ನೂ ಎಷ್ಟೋ ಹಡಗಿನಲ್ಲಿ ತೆಗೆದಿಡುತ್ತಾರೆ. ರೂಮಿನ ಸಾಕೆಟ್‌ಗಳು ಹೆಚ್ಚಾಗಿ ಅಮೆರಿಕದ ಚಪ್ಪಟೆ ಪಿನ್ನಿನದು ಅಥವಾ ಯುರೋಪಿನ ದುಂಡು ಪಿನ್ನಿನದು. ಸಿಂಗಪುರದ ಹೋಟೆಲಿನಲ್ಲಿ ಮೂರು ಚೌಕ ಪಿನ್ನು. ಎಲ್ಲ ಕಡೆಗೂ ಆಗುವ ಚಿಕ್ಕ ಅಡಾಪ್ಟರ್ ಒಂದು ಸಾಕು.

ಸಿಂಗಪುರದ ಕಾನೂನು ಬಿಗಿ. ಚೂಯಿಂಗ್ ಗಮ್ ಒಳಗೆ ತರುವುದನ್ನು 1992ರಲ್ಲೇ ನಿಷೇಧಿಸಿದ್ದಾರೆ. ಇ-ಸಿಗರೇಟು ಬೇಡವೇ ಬೇಡ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವ ಹಿರಿಯರಿಗೆ ಮೊದಲೇ ಹೇಳಿಡಿ, ಅಗಿಯುವ ತಂಬಾಕಿಗೂ ಅಲ್ಲಿ ನಿಷೇಧ. ಗಸಗಸೆ ಕೂಡ. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಮಾದಕವಸ್ತು ವಿಭಾಗದವರು ನೋಡುವ ಸಾಮಾನು.

6. ಮೊದಲ ದಿನದ ಕೈಚೀಲ

ಸಿಂಗಪುರದಲ್ಲಿ ಹಡಗು ಹತ್ತುವ ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ದೊಡ್ಡ ಪೆಟ್ಟಿಗೆಗೆ ಚೀಟಿ ಕಟ್ಟಿ ಕೊಟ್ಟರೆ, ರೂಮಿನ ಬಾಗಿಲಿಗೆ ಬರುವುದು ಕೆಲವು ಗಂಟೆ ಆದಮೇಲೆ. ಅಲ್ಲಿವರೆಗೆ ಬೇಕಾದದ್ದೆಲ್ಲ ಕೈಚೀಲದಲ್ಲಿರಲಿ: ಪಾಸ್‌ಪೋರ್ಟ್, ವೀಸಾ ಪ್ರಿಂಟು, ಚಾರ್ಜರ್, ಒಂದು ಜೊತೆ ಬಟ್ಟೆ, ಮಕ್ಕಳ ಈಜುಡುಗೆ. ಹಡಗು ಮತ್ತೆ ಸಿಂಗಪುರಕ್ಕೇ ಬರುವುದರಿಂದ ವೀಸಾದಲ್ಲಿ ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಬಿ.ಪಿ., ಶುಗರ್ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಬೇಡಿ, ಡಾಕ್ಟರ ಚೀಟಿ ಜೊತೆಗೇ ಇಡಿ. ಬಸ್ಸಿನಲ್ಲಿ ಘಾಟಿ ಹತ್ತುವಾಗ ವಾಂತಿ ಬರುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ.

7. ಕೊನೆಯ ರಾತ್ರಿ

ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ರಾತ್ರೋರಾತ್ರಿ ಒಯ್ದು, ಬೆಳಗ್ಗೆ ಟರ್ಮಿನಲ್ಲಿನಲ್ಲಿ ಕೊಡುತ್ತಾರೆ. ನಮ್ಮ ಭಾವ ಬಹಳ ಶಿಸ್ತಿನ ಮನುಷ್ಯ. ಒಂಬತ್ತು ಗಂಟೆಗೇ ಎಲ್ಲ ಮಡಚಿ, ಬೀಗ ಹಾಕಿ, ಹೊರಗಿಟ್ಟು ಮಲಗಿದರು. ಬೆಳಗ್ಗೆ ನೋಡಿದರೆ ಉಟ್ಟ ಲುಂಗಿ ಒಂದೇ ಉಳಿದಿತ್ತು. ಸಿಂಗಪುರದ ಇಮಿಗ್ರೇಷನ್ ಸಾಲಿನಲ್ಲಿ ನೀಲಿ ಚೌಕುಳಿ ಲುಂಗಿಯಲ್ಲೇ ನಿಂತರು. ಅಧಿಕಾರಿ ಏನೂ ಅನ್ನಲಿಲ್ಲ, ಅಕ್ಕ ಮಾತ್ರ ಇವತ್ತಿಗೂ ಅನ್ನುತ್ತಾಳೆ.

ಲಗೇಜ್ ಕಡಿಮೆ ಇದ್ದರೆ ಈ ತಾಪತ್ರಯವೇ ಇಲ್ಲ. ಹೊರಗಿಡದೆ, ಸ್ವತಃ ಎಳೆದುಕೊಂಡು ಬೇಗ ಇಳಿದುಹೋಗಲು ಹೆಚ್ಚಿನ ಹಡಗುಗಳಲ್ಲಿ ಅವಕಾಶ ಕೊಡುತ್ತಾರೆ. ಅವತ್ತೇ ವಿಮಾನ ಇರುವವರಿಗೆ ಇದು ದೊಡ್ಡ ಅನುಕೂಲ.

ಹೊರಡುವಾಗಲೇ ಮೂರು ಕೆ.ಜಿ. ಖಾಲಿ ಬಿಟ್ಟಿರಿ. ಲಿಟಲ್ ಇಂಡಿಯಾದ ಮುಸ್ತಫಾ ಸೆಂಟರಿಗೆ ಹೋಗಿ ಬರಿಗೈಲಿ ಬಂದ ಕನ್ನಡಿಗರನ್ನು ನಾನು ನೋಡಿಲ್ಲ. ಎರಡನೇ ಸಲ ನಮ್ಮ ಪೆಟ್ಟಿಗೆ ಹೋಗುವಾಗ 16 ಇತ್ತು, ಬರುವಾಗ 19.5. ಹೆಚ್ಚಾದ ಮೂರೂವರೆ ಕೆ.ಜಿ.ಯಲ್ಲಿ ಎರಡು ಕೆ.ಜಿ., ಅತ್ತೆ ಅಲ್ಲಿ ಕೊಂಡ ಟವೆಲ್.