ಬೇಸಿಗೆಯ ಬೆಟ್ಟ, ಬೇಸಿಗೆಯ ಹೊಳೆ: ಹೊರಡುವ ಮುನ್ನ ಹವಾಮಾನ ನೋಡುವುದು ಹೇಗೆ?

ಯುಗಾದಿ ಕಳೆದರೆ ಸಾಕು, ಬೆಂಗಳೂರಿನ ಆಕಾಶ ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಬೆಳಿಗ್ಗೆ ಆರಕ್ಕೆ ಒಂದು ಮೋಡವೂ ಇರಲ್ಲ. ಮಧ್ಯಾಹ್ನ ಮೂರರ ಮೇಲೆ ಕಪ್ಪು ಕವಿದು, ಗಾಳಿ ಎದ್ದು, ಗುಡುಗು ಶುರು. ಊರೊಳಗೆ ಇದ್ದವರಿಗೆ ಮರ ಬೀಳುವ, ಅಂಡರ್‌ಪಾಸ್ ತುಂಬುವ ಚಿಂತೆ. ಅದೇ ಹೊತ್ತಿಗೆ ಸಾವನದುರ್ಗದ ಬಂಡೆಯ ಮೇಲೋ, ಮೇಕೆದಾಟು ಬಳಿಯ ಸಂಗಮದ ನೀರಿನಲ್ಲೋ ಇರುವವರದು ಜೀವದ ಪ್ರಶ್ನೆ.

ಬೇಸಿಗೆಯಲ್ಲಿ ಬೆಟ್ಟ ಹತ್ತಬೇಡಿ, ಹೊಳೆಗೆ ಇಳಿಯಬೇಡಿ ಅಂತ ಹೇಳುತ್ತಿಲ್ಲ. ಖಂಡಿತ ಹೋಗಿ. ಆದರೆ ‘ಇವತ್ತು ಮಳೆ ಬರುತ್ತಾ?’ ಅಂತ ಮಾತ್ರ ಕೇಳಿಕೊಂಡು ಹೊರಡಬೇಡಿ. ಬೆಟ್ಟಕ್ಕೆ ಹೋಗುವವರು ‘ಎಷ್ಟು ಗಂಟೆಗೆ ಕೆಳಗೆ ಇಳಿದಿರುತ್ತೇನೆ?’ ಅಂತ ಕೇಳಿಕೊಳ್ಳಬೇಕು. ಹೊಳೆಗೆ ಹೋಗುವವರು ‘ಈ ನೀರು ಎಲ್ಲಿಂದ ಬರುತ್ತಿದೆ?’ ಅಂತ ಕೇಳಿಕೊಳ್ಳಬೇಕು. ಮುಂದಿನದೆಲ್ಲ ಈ ಎರಡಕ್ಕೆ ಉತ್ತರ ಹುಡುಕುವ ದಾರಿ.

1. ಮೊದಲು ಕಾಲ ಯಾವುದು ನೋಡಿ

ನಮ್ಮ ರೈತರ ಮಳೆ ಲೆಕ್ಕ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮಾರ್ಚ್ ಕೊನೆಗೆ ರೇವತಿ, ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕಾ, ಆಮೇಲೆ ರೋಹಿಣಿ. ಮಾರ್ಚ್‌ನಲ್ಲಿ ಮುಖ್ಯ ತೊಂದರೆ ಬಿಸಿಲು ಮತ್ತು ಕಾಡಿನ ಬೆಂಕಿ. ಅಶ್ವಿನಿ, ಭರಣಿ ಹೊತ್ತಿಗೆ ಬಿಸಿಲಿನ ಜೊತೆ ಸಿಡಿಲೂ ಸೇರುತ್ತದೆ. ಮೇನಲ್ಲಿ ಮಳೆ ಜಾಸ್ತಿ, ಹಳ್ಳಗಳೂ ಎದ್ದು ಹರಿಯುತ್ತವೆ.

ಈ ಮಳೆ ಸಂಜೆಗೇ ಯಾಕೆ ಬರುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಬೆಳಗಿನಿಂದ ನೆಲ ಕಾಯುತ್ತದೆ. ಕಾದ ಗಾಳಿ ಮೇಲಕ್ಕೆ ಏರುತ್ತದೆ. ಸಮುದ್ರದ ಕಡೆಯಿಂದ ಬಂದ ತೇವ ಅದರಲ್ಲಿ ಇದ್ದರೆ, ಮೇಲೆ ಹೋಗಿ ತಣ್ಣಗಾಗಿ ಮೋಡವಾಗುತ್ತದೆ. ಬೆಟ್ಟಗಳು ಆ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತವೆ. ಮಧ್ಯಾಹ್ನ ದಾಟುವಷ್ಟರಲ್ಲಿ ಆ ಮೋಡ ಹತ್ತು ಕಿ.ಮೀ.ಗಿಂತ ಎತ್ತರ ಬೆಳೆದಿರಬಹುದು. ಮುಂಗಾರಿನ ಮಳೆಯ ಹಾಗೆ ಇಡೀ ಜಿಲ್ಲೆಗೆ ಹರಡಿ ಸುರಿಯುವ ಮಳೆ ಇದಲ್ಲ. ಯಲಹಂಕದಲ್ಲಿ ಆಲಿಕಲ್ಲು ಬಿದ್ದರೆ ಜಯನಗರದಲ್ಲಿ ಧೂಳು ಕೂಡ ನೆನೆದಿರಲ್ಲ.

2. ಎರಡು ದಿನ ಮುಂಚೆ ಮುನ್ಸೂಚನೆ ಓದಿ

ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆ ಜಿಲ್ಲಾವಾರು ಬರುತ್ತದೆ. ನೀವು ಹೋಗುವ ಜಿಲ್ಲೆಯದನ್ನೇ ನೋಡಿ. ನಂದಿ, ಸ್ಕಂದಗಿರಿಗೆ ಹೊರಟವರು ಚಿಕ್ಕಬಳ್ಳಾಪುರ ನೋಡಬೇಕು, ಬೆಂಗಳೂರು ನೋಡಿದರೆ ಸಾಲದು. ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಯ ಬಣ್ಣಗಳು ಎಲ್ಲರಿಗೂ ಗೊತ್ತು. ಜೊತೆಗಿರುವ ಪದಗಳನ್ನು ಮಾತ್ರ ಹೆಚ್ಚಿನವರು ಓದುವುದೇ ಇಲ್ಲ. ‘ಒಂದೆರಡು ಕಡೆ ಮಳೆ’ ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ಸಿಗಬಹುದು ಅಂತ. ‘ಭಾರಿ ಮಳೆ’ ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು. ಮಳೆ ಪ್ರಮಾಣ ಕಡಿಮೆ ಅಂತ ಬರೆದು, ಪಕ್ಕದಲ್ಲಿ ‘ಗುಡುಗು ಸಹಿತ’ ಅಂತ ಇದ್ದರೆ ಬೆಟ್ಟಕ್ಕೆ ಹೋಗುವವರಿಗೆ ಆ ಎರಡು ಪದವೇ ಮುಖ್ಯ. ಐದು ಮಿ.ಮೀ. ಮಳೆ ತರುವ ಮೋಡವೂ ಸಿಡಿಲು ಹೊಡೆಯುತ್ತದೆ.

ಮೊಬೈಲ್‌ನಲ್ಲಿರುವ ಹವಾಮಾನ ಆ್ಯಪ್‌ಗಳ ವಿಷಯಕ್ಕೆ ಬರೋಣ. ಅವು ನೆಲವನ್ನು ಚೌಕಗಳಾಗಿ ಹಂಚಿಕೊಂಡ ಕಂಪ್ಯೂಟರ್ ಮಾದರಿಗಳಿಂದ ಲೆಕ್ಕ ತೆಗೆಯುತ್ತವೆ. ಯುರೋಪಿನ ಹೆಸರಾಂತ ಮಾದರಿಯಲ್ಲೂ ಒಂದು ಚೌಕ ಸುಮಾರು 9 ಕಿ.ಮೀ. ಅಗಲ. ಸ್ಕಂದಗಿರಿಯಂಥ ಗುಡ್ಡ ಅದರೊಳಗೆ ಕರಗಿಹೋಗುತ್ತದೆ. ಹಾಗಾಗಿ ‘ಮಧ್ಯಾಹ್ನ 4ಕ್ಕೆ ಶೇ 40 ಮಳೆ’ ಅಂತ ತೋರಿಸಿದರೆ, ಗಡಿಯಾರ ನೋಡಿಕೊಂಡು 3.45ರವರೆಗೆ ಮೇಲೆ ಕೂರಬೇಡಿ. ‘ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ದಿನ’ ಅಂತಷ್ಟೇ ಅರ್ಥ ಮಾಡಿಕೊಳ್ಳಿ.

ತಾಪಮಾನದ ಲೆಕ್ಕ ಸುಲಭ. ಸರಾಸರಿ ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿ ಕಡಿಮೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿ 1478. ಅಂದರೆ ಮೂರೂವರೆ ಡಿಗ್ರಿಯಷ್ಟು ವ್ಯತ್ಯಾಸ. ಊರಲ್ಲಿ 36 ಇದ್ದರೆ ನಂದಿಯ ನೆರಳಿನಲ್ಲೂ 32ರ ಮೇಲೆಯೇ. ‘ಬೆಟ್ಟ ಅಲ್ವಾ, ತಂಪಾಗಿರುತ್ತೆ’ ಅಂತ ಒಂದೇ ಬಾಟಲಿ ನೀರು ಹಿಡಿದು ಹೋಗುವವರನ್ನು ಕಂಡರೆ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

3. ದಾರಿ ತೆರೆದಿದೆಯೇ ಕೇಳಿ

ಫೆಬ್ರುವರಿಯಿಂದ ಮಳೆ ಹಿಡಿಯುವವರೆಗೆ ಪಶ್ಚಿಮಘಟ್ಟದ ಒಣಹುಲ್ಲಿಗೆ ಒಂದು ಕಿಡಿ ಸಾಕು. ಕುಮಾರ ಪರ್ವತದಂಥ ಚಾರಣ ದಾರಿಗಳನ್ನು ಬೇಸಿಗೆಯಲ್ಲಿ ಅರಣ್ಯ ಇಲಾಖೆ ಮುಚ್ಚುವುದು ವಾಡಿಕೆ. ಕದ್ದು ಹತ್ತಬೇಡಿ. ಬೆಂಕಿ ಗಾಳಿಯ ಜೊತೆ ಇಳಿಜಾರನ್ನು ಹತ್ತುವ ವೇಗಕ್ಕೆ ಮನುಷ್ಯ ಓಡಲಾರ.

4. ಹೊತ್ತು ಗೊತ್ತು ಮಾಡಿ

ಏಪ್ರಿಲ್‌ನಲ್ಲಿ ಬೆಂಗಳೂರಿನ ಸೂರ್ಯೋದಯ ಆರರ ಆಸುಪಾಸು. ಬಂಡೆ ಬೆಟ್ಟಗಳಾದ ಸಾವನದುರ್ಗ, ಮಾಕಳಿದುರ್ಗ, ರಾಮನಗರದ ಗುಡ್ಡಗಳಿಗೆ ನನ್ನ ಲೆಕ್ಕ ಇದು: ಬೆಳಕು ಹರಿಯುವಾಗ ಬುಡದಲ್ಲಿರಿ, ಹತ್ತಕ್ಕೆ ಇಳಿಯಲು ಶುರು ಮಾಡಿ, ಹನ್ನೆರಡಕ್ಕೆ ಗಾಡಿ ಹತ್ತಿರ ಇರಿ. ತುದಿ ಮುಟ್ಟದಿದ್ದರೂ ಹತ್ತಕ್ಕೆ ತಿರುಗಬೇಕು. ಗುಂಪಿನಲ್ಲಿ ಇದನ್ನು ಹಿಂದಿನ ರಾತ್ರಿಯೇ ಎಲ್ಲರಿಗೂ ಹೇಳಿಬಿಡಿ. ಅರ್ಧ ಬೆಟ್ಟದಲ್ಲಿ ನಿಂತು ಚರ್ಚೆ ಮಾಡಿದರೆ ಯಾವಾಗಲೂ ‘ಇನ್ನೊಂಚೂರು ಹೋಗೋಣ’ ಅನ್ನುವವರೇ ಗೆಲ್ಲುತ್ತಾರೆ.

ಬಂಡೆ ಬೆಳಗಿನಿಂದ ಬಿಸಿಲು ಕುಡಿದು ಮಧ್ಯಾಹ್ನ ಅದನ್ನು ವಾಪಸ್ ಉಗುಳುತ್ತದೆ. ಮೇಲಿನಿಂದ ಬಿಸಿಲು, ಕಾಲಡಿಯಿಂದ ಕಾವು. ನೆರಳಿಗೆ ಒಂದು ಪೊದೆ ಸಿಗುವುದೂ ಕಷ್ಟ. ತಲೆನೋವು, ವಾಕರಿಕೆ ಬಂದರೆ ನೆರಳಿಗೆ ಸರಿದು, ಒಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿದು, ತಗ್ಗಿದ ಮೇಲೆ ಇಳಿಯಬಹುದು. ಮಾತು ತೊದಲಿದರೆ, ಗೊಂದಲ ಕಂಡರೆ ಅದು ಬಿಸಿಲಾಘಾತ. ತಕ್ಷಣ ಮೈಗೆ ನೀರು ಸುರಿದು ಗಾಳಿ ಹಾಕಿ, ಆಸ್ಪತ್ರೆಗೆ ಸಾಗಿಸಿ.

ಇನ್ನೊಂದು ವಿಷಯ: ಈ ಬಂಡೆಗಳ ಮಗ್ಗುಲಲ್ಲಿ ಹೆಜ್ಜೇನು ಇರುತ್ತದೆ. ಸೆಂಟು, ಹೊಗೆ, ಕೂಗಾಟ ಬೇಡ.

5. ಗುಡುಗು ಕೇಳಿದರೆ

ಮೊದಲ ಸೂಚನೆ ಕಣ್ಣಿಗೇ ಕಾಣುತ್ತದೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ಹೂಕೋಸಿನ ಥರ ಗಟ್ಟಿ ಅಂಚಿನ ಬಿಳಿ ಮೋಡ ಅಗಲಕ್ಕಿಂತ ಎತ್ತರಕ್ಕೆ ಬೆಳೆಯತೊಡಗಿದರೆ ಆ ದಿನ ಸಂಜೆ ಗುಡುಗು ಬರುವ ಸಂಭವ ಜಾಸ್ತಿ. ಆಮೇಲೆ ಅದರ ನೆತ್ತಿ ಚಪ್ಪಟೆಯಾಗಿ ಹರಡುತ್ತದೆ. ಸೆಕೆಯ ಮಧ್ಯೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸಿ, ಮಣ್ಣಿನ ವಾಸನೆ ಬಂದರೆ ಮಳೆ ಪಕ್ಕದಲ್ಲೇ ಇದೆ. ‘ಅಬ್ಬಾ, ತಂಪಾಯ್ತು’ ಅಂತ ಕೂತುಕೊಳ್ಳುವ ಗಳಿಗೆ ಅದಲ್ಲ.

ಮಿಂಚು ಕಂಡಾಗ ಸೆಕೆಂಡು ಎಣಿಸಿ. ಶಬ್ದ ಒಂದು ಕಿ.ಮೀ. ಬರಲು ಸುಮಾರು ಮೂರು ಸೆಕೆಂಡು ಬೇಕು. ಹದಿನೈದು ಎಣಿಸಿದರೆ ಐದು ಕಿ.ಮೀ., ಮೂವತ್ತಾದರೆ ಹತ್ತು. ಮೂವತ್ತರೊಳಗೆ ಗುಡುಗು ಕೇಳಿತೋ, ನೀವು ಸಿಡಿಲು ಬಡಿಯಬಹುದಾದ ದೂರದೊಳಗೆ ಇದ್ದೀರಿ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವವರೆಗೆ ಮತ್ತೆ ಹತ್ತಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ತಯಾರಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲನ್ನು ತೋರಿಸುತ್ತದೆ. ಹೊರಡುವ ಮುನ್ನ ಹಾಕಿಕೊಳ್ಳಿ. ಬೆಟ್ಟದ ಮೇಲೆ ನೆಟ್‌ವರ್ಕ್ ಇಲ್ಲದಿದ್ದರೆ ಮಾತ್ರ ಸೆಕೆಂಡು ಎಣಿಸುವುದೇ ಗತಿ.

ಎಲ್ಲಿ ನಿಲ್ಲಬಾರದು? ತುದಿಯಲ್ಲಿ, ಒಂಟಿ ಮರದಡಿ, ಬಾಗಿಲು ಗೋಡೆ ಇಲ್ಲದ ಮಂಟಪದಲ್ಲಿ, ಕಬ್ಬಿಣದ ಕಂಬಿಯ ಪಕ್ಕ. ಚಾಚಿದ ಬಂಡೆಯ ಕೆಳಗೂ ಬೇಡ. ಬಂಡೆಯ ಮೈಮೇಲೆ ಹರಿಯುವ ವಿದ್ಯುತ್ ಅಂಥ ಸಂದಿಯನ್ನು ದಾಟುವಾಗ ಒಳಗಿದ್ದವರ ಮೈ ಮೂಲಕವೇ ಹಾಯಬಹುದು. ಕಿಟಕಿ ಮುಚ್ಚಿದ ಕಾರು, ಗಟ್ಟಿ ಕಟ್ಟಡ ಸುರಕ್ಷಿತ. ಯಾವುದೂ ಇಲ್ಲದಿದ್ದರೆ ತಗ್ಗಿಗೆ ಇಳಿಯುತ್ತಲೇ ಇರಿ, ಒಬ್ಬರಿಗೊಬ್ಬರು ದೂರ ದೂರ ನಡೆಯಿರಿ. ನೆನೆದ ಗ್ರಾನೈಟ್ ಸೋಪು ಸವರಿದಷ್ಟು ಜಾರುತ್ತದೆ, ಹಾಗಾಗಿ ಓಡಬೇಡಿ. ನಂದಿಯ ತಿರುವುಗಳಲ್ಲಿ ಸೈಕಲ್ ಇಳಿಸುವವರು ಒದ್ದೆ ರಸ್ತೆಯಲ್ಲಿ ತಿರುವಿಗೆ ಮೊದಲೇ ಬ್ರೇಕ್ ಹಿಡಿಯಬೇಕು, ತಿರುವಿನೊಳಗೆ ಅಲ್ಲ.

ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಶುರು ಮಾಡಿ, 108ಕ್ಕೆ ಕರೆ ಮಾಡಿ.

6. ಹೊಳೆಗೆ ಇಳಿಯುವ ಮುನ್ನ

ಬೆಟ್ಟದಲ್ಲಿ ತಲೆ ಮೇಲಿನ ಆಕಾಶ ನೋಡಿದರೆ ಸುಮಾರು ಗೊತ್ತಾಗುತ್ತದೆ. ಹೊಳೆ ಹಾಗಲ್ಲ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನೂರಿನ ಮಳೆ ಒಂದೆರಡು ಗಂಟೆ ಬಿಟ್ಟು ನಿಮ್ಮ ಕಾಲಿಗೆ ಬರುತ್ತದೆ. ಸಂಗಮದಲ್ಲಿ ಕಾವೇರಿಗೆ ಸೇರುವ ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದಲ್ಲಿ. ಬೆಂಗಳೂರಿನ ಪಶ್ಚಿಮ ಭಾಗದ ನೀರೂ ವೃಷಭಾವತಿಯಾಗಿ ಅದಕ್ಕೇ ಸೇರುತ್ತದೆ. ಅಂದರೆ ಕೆಂಗೇರಿಯಲ್ಲಿ ಸುರಿದ ಮಳೆಗೂ ಸಂಗಮಕ್ಕೂ ನಂಟಿದೆ. ಕಾವೇರಿಯ ಮಟ್ಟವನ್ನಂತೂ ಮಳೆಯ ಜೊತೆ ಮೇಲಿನ ಅಣೆಕಟ್ಟುಗಳು ಬಿಡುವ ನೀರೂ ತೀರ್ಮಾನಿಸುತ್ತದೆ.

ದಾಂಡೇಲಿಯ ರ‍್ಯಾಫ್ಟಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಸುಡುಬೇಸಿಗೆಯಲ್ಲೂ ಕಾಳಿ ನದಿಯಲ್ಲಿ ಅಲೆ ಏಳುವುದು ಸೂಪಾ ಅಣೆಕಟ್ಟಿನಲ್ಲಿ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ. ನೀರು ಬಿಡದ ದಿನ ಬರೀ ಬಂಡೆ. ಬುಕ್ ಮಾಡುವಾಗ ‘ಇವತ್ತು ಎಷ್ಟು ಗಂಟೆಗೆ ನೀರು ಬಿಡುತ್ತಾರೆ?’ ಅಂತ ಕೇಳಿ. ಉತ್ತರ ಗೊತ್ತಿಲ್ಲದ ನಿರ್ವಾಹಕರ ದೋಣಿ ಹತ್ತಬೇಡಿ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂಡೆಗಳ ಮೇಲೆ ನಿಂತಿದ್ದಾಗ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು ಕೊಚ್ಚಿಹೋದರು.

ದಡಕ್ಕೆ ಹೋದ ಕೂಡಲೇ ಹೀಗೆ ಮಾಡಿ. ನೀರಿನ ಅಂಚಿಗೆ ಸರಿಯಾಗಿ, ಅರ್ಧ ಮುಳುಗುವಂತೆ ಒಂದು ಬಿಳಿ ಕಲ್ಲು ಇಡಿ. ಗುಂಪಿನಲ್ಲಿ ಒಬ್ಬರಿಗೆ ಅದನ್ನು ನೋಡುತ್ತಿರುವ ಕೆಲಸ ಕೊಡಿ. ಕಲ್ಲಿನ ಒಣಭಾಗ ಕುಗ್ಗುತ್ತಿದ್ದರೆ ಮೇಲೆ ಬನ್ನಿ. ಕಲ್ಲು ಮುಳುಗುವವರೆಗೆ ಕಾಯಬೇಡಿ. ತಿಳಿನೀರು ಚಹಾ ಬಣ್ಣಕ್ಕೆ ತಿರುಗಿದರೆ, ಹಸಿರೆಲೆ, ಕಡ್ಡಿ, ನೊರೆ ತೇಲಿಬಂದರೆ, ಹೊಳೆಯ ಸದ್ದು ದಪ್ಪವಾದರೆ ಸಾಮಾನು ಬಿಟ್ಟಾದರೂ ಎತ್ತರಕ್ಕೆ ಹೋಗಿ. ನೀರಿನ ವೇಗ ಎರಡು ಪಟ್ಟಾದರೆ ಕಾಲಿಗೆ ಬಡಿಯುವ ಬಲ ನಾಲ್ಕು ಪಟ್ಟಾಗುತ್ತದೆ. ಮಂಡಿಯುದ್ದದ ನೀರೂ ದೊಡ್ಡವರನ್ನು ಕೆಡವುತ್ತದೆ.

ಮೇಕೆದಾಟು, ಮುತ್ತತ್ತಿಗಳಲ್ಲಿ ನೀರು ಕಡಿಮೆ ಇದ್ದಾಗಲೂ ಈಜಬೇಡಿ. ಮೇಲೆ ಸುಮ್ನೆ ನಿಂತಂತೆ ಕಾಣುವ ನೀರಿನ ಕೆಳಗೆ ಬಂಡೆಯ ಗುಂಡಿ, ಸುಳಿ ಇರುತ್ತವೆ. ಒಣಗಿದ ಹಳ್ಳದ ಮರಳಿನ ಮೇಲೆ ಟೆಂಟು ಹಾಕಲೇಬಾರದು. ಕಾದು ಗಟ್ಟಿಯಾದ ನೆಲ ಮೊದಲ ಮಳೆಯನ್ನು ಬೇಗ ಹೀರುವುದಿಲ್ಲ. ಬಿದ್ದ ನೀರು ನೇರ ಹಳ್ಳಕ್ಕೆ ನುಗ್ಗುತ್ತದೆ.

7. ರಜೆಗೆ ಹಿಮಾಲಯಕ್ಕೆ ಹೊರಟವರಿಗೆ

ಏಪ್ರಿಲ್, ಮೇನಲ್ಲಿ ಬೆಂಗಳೂರಿನಿಂದ ಡೆಹ್ರಾಡೂನ್, ಮನಾಲಿಗೆ ಹೋಗುವ ಚಾರಣಿಗರು ಬಹಳ. ಅಲ್ಲಿ ಹೊಳೆಯ ನೀರನ್ನು ಏರಿಸುವುದು ಬಿಸಿಲೇ. ಹಗಲು ಹಿಮ ಕರಗಿ ಮಧ್ಯಾಹ್ನದ ಕೊನೆಗೆ, ಸಂಜೆಗೆ ತೊರೆ ತುಂಬುತ್ತದೆ. ರಾತ್ರಿ ಮತ್ತೆ ಹೆಪ್ಪುಗಟ್ಟಿ ಬೆಳಗಿನ ಜಾವ ಇಳಿದಿರುತ್ತದೆ. ತೊರೆ ದಾಟುವುದಿದ್ದರೆ ಬೆಳಿಗ್ಗೆಯೇ ದಾಟಿ. ತೊರೆಯ ಮೇಲೆ ಹಿಮ ಕಟ್ಟಿ ಆದ ಸೇತುವೆಗಳೂ ಮುಂಜಾನೆ ಗಟ್ಟಿ, ಮಧ್ಯಾಹ್ನ ಮೆತ್ತಗೆ.

2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಮಂದಿ ತೀರಿಕೊಂಡರು. ನಮ್ಮ ಕ್ಯಾಲೆಂಡರಿನ ಬೇಸಿಗೆ ನಾಲ್ಕು ಸಾವಿರ ಮೀಟರ್ ಮೇಲೆ ನಡೆಯುವುದಿಲ್ಲ. ಒದ್ದೆಯಾಗದ ಹೊರ ಅಂಗಿ, ಬೆಚ್ಚನೆಯ ಒಂದು ಜೊತೆ ಒಣಬಟ್ಟೆ ಬೆನ್ನಿನ ಚೀಲದಲ್ಲೇ ಇರಲಿ, ಹೇಸರಗತ್ತೆಯ ಮೇಲೆ ಹೋಗುವ ಚೀಲದಲ್ಲಿ ಅಲ್ಲ. ಆಯೋಜಕರನ್ನು ‘ತುದಿಯಿಂದ ಎಷ್ಟು ಗಂಟೆಗೆ ತಿರುಗುತ್ತೀರಿ?’ ಅಂತ ದುಡ್ಡು ಕಟ್ಟುವ ಮುನ್ನವೇ ಕೇಳಿ.

8. ಮನೆಯವರಿಗೆ ಒಂದು ಮೆಸೇಜ್

ಯಾವ ಬೆಟ್ಟ ಅಥವಾ ಹೊಳೆ, ಯಾವ ದಾರಿ, ಯಾರ್‍ಯಾರು, ಗಾಡಿ ನಂಬರ್, ಎಲ್ಲಿ ನಿಲ್ಲಿಸಿದ್ದೀರಿ, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ ಅಂತ ಬರೆದು ಕಳಿಸಿ. ಆ ಹೊತ್ತು ದಾಟಿ ಎರಡು ಗಂಟೆಯಾದರೂ ಸುದ್ದಿ ಇಲ್ಲದಿದ್ದರೆ 112ಕ್ಕೆ ಕರೆ ಮಾಡಲು ಅದೇ ಮೆಸೇಜಿನಲ್ಲಿ ಹೇಳಿಡಿ. ಬೇಗ ಇಳಿದರೆ ಇಳಿದ ಕೂಡಲೇ ತಿಳಿಸಿ.