ವಿಮಾನದ ಸಮಯ ಬಾಯಿಲೆಕ್ಕದಲ್ಲೇ ಅಂದಾಜು ಮಾಡಿ

ಎರಡು ಊರುಗಳ ನಡುವಿನ ನೇರ ದೂರವನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ 40 ನಿಮಿಷ ಸೇರಿಸಿ. ವಿಮಾನದ ಸಮಯ ಹೆಚ್ಚುಕಮ್ಮಿ ಸಿಕ್ಕಿತು. ಬೆಂಗಳೂರಿನಿಂದ ದೆಹಲಿಗೆ ನೇರವಾಗಿ ಸುಮಾರು 1,700 ಕಿ.ಮೀ. ಅಂದರೆ ಎರಡು ಗಂಟೆ ಚಿಲ್ಲರೆ, ಜೊತೆಗೆ 40 ನಿಮಿಷ: ಎರಡೂಮುಕ್ಕಾಲು ಗಂಟೆ. ವೇಳಾಪಟ್ಟಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಜೆಟ್ ವಿಮಾನಗಳು ಮೇಲೆ ಗಂಟೆಗೆ 800ರಿಂದ 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಆ 40 ನಿಮಿಷ ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಇವಕ್ಕೆ. ರಸ್ತೆ ದೂರ ಮಾತ್ರ ಹಾಕಬೇಡಿ, ಅದು ಯಾವಾಗಲೂ ಜಾಸ್ತಿ. ಗೂಗಲ್ ಮ್ಯಾಪ್‌ನಲ್ಲಿ ಒಂದು ಊರಿಗೆ ಪಿನ್ ಹಾಕಿ, ದೂರ ಅಳೆಯುವ ಆಯ್ಕೆ ಒತ್ತಿ, ಇನ್ನೊಂದು ಊರು ತೋರಿಸಿದರೆ ನೇರ ದೂರ ಬರುತ್ತದೆ. ಇನ್ನು, ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವುಗಳ ವೇಗ 500ರ ಆಸುಪಾಸು. ಟಿಕೆಟ್‌ನಲ್ಲಿ ಯಾವ ವಿಮಾನ ಅಂತ ಒಮ್ಮೆ ನೋಡಿಕೊಳ್ಳಿ. ದೂರದ ವಿದೇಶ ಪ್ರಯಾಣದಲ್ಲೂ ಅಂದಾಜು ತಪ್ಪಬಹುದು. ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹಾಗಾಗಿ ಲಂಡನ್‌ಗೆ ಹೋಗುವಾಗ ಸಮಯ ಜಾಸ್ತಿ, ಬರುವಾಗ ಕಮ್ಮಿ. ಯಾವುದಾದರೂ ದೇಶ ತನ್ನ ವಾಯುಪ್ರದೇಶ ಮುಚ್ಚಿದರೆ ಸುತ್ತಿ ಹೋಗಬೇಕು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಹೀಗೆ ಮಾಡಿದಾಗ ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೊರಟ ನಮ್ಮ ವಿಮಾನಗಳ ಪ್ರಯಾಣ ಉದ್ದವಾಯಿತು. ಹೊರಡುವ, ತಲುಪುವ ಸಮಯಗಳನ್ನು ಸುಮ್ನೆ ಕಳೆದು ನೋಡುವುದೂ ಬೇಡ. ಎರಡೂ ಆಯಾ ಊರಿನ ಗಡಿಯಾರದ ಸಮಯ, ಅಲ್ವಾ?