ಅರ್ಧ ಕೆಜಿ ಕಾಟ್ಲಾ, ನೂರು ಕಿಲೋಮೀಟರ್, ಒಂದು ಬೊಲೆರೊ

ಮೀನಿನ ಮರಿ ಸಾಗಿಸುವುದು ಎಲ್ಲರಿಗೂ ಗೊತ್ತು. ಭದ್ರಾ ಜಲಾಶಯದ ಹತ್ತಿರದ ಬಿ.ಆರ್. ಪ್ರಾಜೆಕ್ಟಿನ ಮರಿ ಕೇಂದ್ರದಿಂದ ಆಕ್ಸಿಜನ್ ತುಂಬಿದ ಕವರಿನಲ್ಲಿ ತಂದು ಬಿಟ್ಟರೆ ಮುಗಿಯಿತು. ಅರ್ಧ ಕೆಜಿ ದಾಟಿದ ಕಾಟ್ಲಾ ಮೀನನ್ನು ಜೀವಂತ ಒಯ್ಯುತ್ತೇನೆ ಅಂದಾಗ ಮಾತ್ರ ನಮ್ಮ ಕಡೆ ನಕ್ಕರು. "ಕಾಟ್ಲಾ ಗಾಡಿ ಹತ್ತಿದ್ರೆ ಸಾರಿಗೇ ಇಳಿಯೋದು" ಅಂದ ಬಲೆ ಎಳೆಯುವವನು ಈಗ ನನ್ನ ಟ್ಯಾಂಕನ್ನು ಬಾಡಿಗೆಗೆ ಕೇಳುತ್ತಾನೆ.

ನನ್ನ ಕೃಷಿ ಹೊಂಡ ಹಿರಿಯೂರಿನ ಹತ್ತಿರ ಇದೆ. ಮಾರ್ಚ್ ಕೊನೆಗೆ ಬೋರು ಕೈಕೊಡುತ್ತದೆ. ಆಗ ಮಾರಲು ಹೋದರೆ ಸಣ್ಣ ಮೀನು ಅಂತ ಮೂಗು ಮುರಿದು ಕೆಜಿಗೆ 70-80 ಕೊಡುತ್ತಾರೆ. ಅದೇ ಮೀನು ದಾವಣಗೆರೆ ಕಡೆ, ಭದ್ರಾ ಕಾಲುವೆ ಪಕ್ಕದ ನನ್ನ ಬಾಮೈದನ ಹೊಂಡದಲ್ಲಿ ಇನ್ನೈದಾರು ತಿಂಗಳು ಮೇಯ್ದರೆ ಒಂದೂವರೆ ಕೆಜಿಗೆ ಬರುತ್ತದೆ, ಜೀವಂತ ಮಾರಿದರೆ 160-170 ಸಿಗುತ್ತದೆ. ಬಿಡೋಕೆ ಮನಸ್ಸು ಬರುತ್ತಾ?

ಮೊದಲು 200 ಲೀಟರಿನ ಡ್ರಮ್ಮು, ಬ್ಯಾಟರಿ ಪಂಪು. ಅರ್ಧದಷ್ಟು ಮೀನು ದಾರಿಯಲ್ಲೇ ಸತ್ತವು. ಆಮೇಲೆ ಸಾವಿರ ಲೀಟರ್ ಸಿಂಟೆಕ್ಸ್, ಆಕ್ಸಿಜನ್ ಸಿಲಿಂಡರು, ರೆಗ್ಯುಲೇಟರು ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಸುರಿದೆ. ಆ ಸಲ ಎಲ್ಲ ಮೀನೂ ಈಜುತ್ತಲೇ ಇಳಿದವು. ಎರಡು ಮೂರು ದಿನ ಕಳೆದ ಮೇಲೆ ಒಂದೊಂದೇ ತೇಲತೊಡಗಿದವು, ಹುರುಪೆ ಕಿತ್ತ ಜಾಗದಲ್ಲೆಲ್ಲ ಹತ್ತಿಯಂಥ ಬೂಸ್ಟು. ಐದಾರು ಸಾವಿರದ ಮೀನು ಗುಂಡಿಗೆ ಹೋಯಿತು. ರಸ್ತೆಯನ್ನೂ ಡ್ರೈವರನ್ನೂ ಸುಮ್ನೆ ಬೈದಿದ್ದಾಯಿತು, ಪೆಟ್ಟು ಬಿದ್ದಿದ್ದು ಹಿಡಿಯುವಾಗಲೇ.

ಈಗ ಎರಡು ದಿನ ಮೊದಲೇ ಮೇವು ನಿಲ್ಲಿಸುತ್ತೇನೆ. ಹೊಟ್ಟೆ ಖಾಲಿ ಇಲ್ಲದಿದ್ದರೆ ಗಂಟೆಯೊಳಗೆ ಟ್ಯಾಂಕಿನ ನೀರು ಕದಡುತ್ತದೆ, ಅಮೋನಿಯಾ ಏರುತ್ತದೆ. ಹಿಂದಿನ ಸಂಜೆ ಮೀನು ಹಿಡಿದು ಹಾಪಾದಲ್ಲಿ (ಹೊಂಡದೊಳಗೆ ಕಟ್ಟುವ ಬಲೆಯ ತೊಟ್ಟಿ) ಬಿಟ್ಟು ರಾತ್ರಿಯಿಡೀ ಮೇಲಿಂದ ನೀರು ಬೀಳಿಸುತ್ತೇನೆ. ಗಾಬರಿಯಾದ ಮೀನು ಅಲ್ಲೇ ಸುಧಾರಿಸಿಕೊಳ್ಳುತ್ತದೆ, ಬದುಕದೇ ಇರೋದು ಅಲ್ಲೇ ಸಾಯುತ್ತದೆ. ಅದನ್ನು ಊರಲ್ಲೇ ಮಾರಬಹುದು, ಡೀಸೆಲ್ ಉಳಿಯಿತು. ತುಂಬುವಾಗ ಬುಟ್ಟಿ ಬೇಡವೇ ಬೇಡ. ದಪ್ಪ ಟಾರ್ಪಾಲಿನ ಜೋಲಿ ಮಾಡಿ ನೀರಿನ ಸಮೇತ ಎತ್ತುತ್ತೇವೆ. ಇಬ್ಬರು ಆಳು ಜಾಸ್ತಿ ಬೇಕು, ಕೂಲಿ ಒಂದು ಸಾವಿರ ಹೆಚ್ಚು. ಅದನ್ನು ಉಳಿಸಲು ಹೋಗಬೇಡಿ.

ಟ್ಯಾಂಕಿಗೆ ಬೋರಿನ ನೀರನ್ನು ನೇರ ತುಂಬಬಾರದು, ಅದರಲ್ಲಿ ಆಕ್ಸಿಜನ್ ಇರುವುದೇ ಕಮ್ಮಿ. ಹಿಂದಿನ ದಿನವೇ ತುಂಬಿ ಗಾಳಿ ಆಡಿಸಿ. ಸಾವಿರ ಲೀಟರಿಗೆ ನಾಲ್ಕು ಕೆಜಿ ಕಲ್ಲುಪ್ಪು. ಐಸನ್ನು ಕವರಿನಲ್ಲಿ ಕಟ್ಟಿ ಇಳಿಬಿಟ್ಟು ನೀರನ್ನು ನಿಧಾನಕ್ಕೆ 24 ಡಿಗ್ರಿಗೆ ತರುತ್ತೇನೆ. ನೀರು ಬಾಯಿಮಟ್ಟ ತುಂಬಿರಬೇಕು. ಅರ್ಧ ತುಂಬಿದರೆ ಹಂಪ್ ಬಂದಾಗಲೆಲ್ಲ ನೀರು ಕುಣಿದು ಮೀನು ಗೋಡೆಗೆ ಬಡಿಯುತ್ತದೆ, ನನ್ನ ಡ್ರಮ್ಮಿನ ಕಥೆ ಅದೇ. ಆಕ್ಸಿಜನ್ ಮೊದಲ ಅರ್ಧ ಗಂಟೆ ಜಾಸ್ತಿ, ಆಮೇಲೆ ಕಮ್ಮಿ. ಇದನ್ನು ಎಲ್ಲರೂ ಉಲ್ಟಾ ಮಾಡುತ್ತಾರೆ. ಎರಡೂವರೆ ಗಂಟೆ ದಾರಿಗೆ 80-90 ಕೆಜಿ ಹಾಕುತ್ತೇನೆ, ರೋಹು ಆದರೆ ನೂರು. ಕಾಟ್ಲಾ ಹಾರದ ಹಾಗೆ ಮುಚ್ಚಳದ ಹತ್ತಿರ ಒಂದು ಕೆಲಸ ಮಾಡುತ್ತೇನೆ, ಅದನ್ನು ಮಾತ್ರ ಕೇಳಬೇಡಿ.

ಮಧ್ಯೆ ಲವಂಗದ ಎಣ್ಣೆಯನ್ನೂ ನೋಡಿದೆ, ಮೀನು ಮಂಪರಾಗಿ ತೆಪ್ಪಗಿರುತ್ತದೆ ನಿಜ. ಆದರೆ ಹನಿ ಎರಡು ಹೆಚ್ಚಾದರೆ ಏಳುವುದೇ ಇಲ್ಲ. ಬಿಟ್ಟೆ. ಕೊರವ ಮೀನಿಗೆ ಈ ರಗಳೆ ಒಂದೂ ಬೇಡ, ಒದ್ದೆ ಗೋಣಿಚೀಲ, ಸ್ವಲ್ಪ ನೀರು ಇದ್ದರೆ ಸಾಕು, ಮೇಲಿನ ಗಾಳಿಯನ್ನೇ ಕುಡಿದು ಬರುತ್ತದೆ.

ಇಳಿಸುವ ಹೊತ್ತು ಬೆಳಗ್ಗೆ ಎಂಟು. ಐದಕ್ಕೆ ಹಸಿರು ನೀರಿನಲ್ಲಿ ಆಕ್ಸಿಜನ್ ತಳ ಕಂಡಿರುತ್ತದೆ, ಮಧ್ಯಾಹ್ನವಾದರೆ ಹೊಂಡದ ನೀರಿನ ಪಿಹೆಚ್, ಅಂದರೆ ಕ್ಷಾರ, ಏರಿ ಮೀನಿನ ಜೊತೆ ಬಂದ ಅಮೋನಿಯಾ ವಿಷವಾಗುತ್ತದೆ. ಹೊಂಡದ ನೀರನ್ನು ಬಕೆಟ್ಟಿನಲ್ಲಿ ಟ್ಯಾಂಕಿಗೆ ಹಾಕುತ್ತಾ ಬಿಸಿ ಸರಿಹೊಂದಿಸಿ, ಜೋಲಿಯಲ್ಲೇ ಇಳಿಸುತ್ತೇವೆ. ಟ್ಯಾಂಕಿನ ಕೊಳಕು ನೀರು ತೆಂಗಿನ ಬುಡಕ್ಕೆ.

ಹೋದ ಬೇಸಿಗೆಯಲ್ಲಿ ವಾರದೊಳಗೆ ಸತ್ತಿದ್ದು ನೂರಕ್ಕೆ ಮೂರೋ ನಾಲ್ಕೋ. ಗಾಡಿ, ಆಕ್ಸಿಜನ್, ಐಸು, ಕೂಲಿ ಎಲ್ಲ ಸೇರಿ ಕೆಜಿಗೆ 55ರಿಂದ 60 ಬಿತ್ತು. ಮೇವು ಬೇರೆ, ಬಾಮೈದನ ಪಾಲು ಬೇರೆ. ಆದರೂ ಹೊಂಡದ ಬದಿಯಲ್ಲೇ ಮಾರುವುದಕ್ಕಿಂತ ಲಾಭ. ಐವತ್ತು ಕೆಜಿಗಿಂತ ಕಮ್ಮಿ ಇದ್ದರೆ ಗಾಡಿ ಕಟ್ಟಬೇಡಿ, ಬಾಡಿಗೆಗೂ ಹುಟ್ಟುವುದಿಲ್ಲ.